ತವರಿನ ದೀಪ, ಗುಲಾಬಿ ಗಾಜು

ನಮ್ಮತ್ತೆ ಗೋದುಬಾಯಿ ಆ ದೀಪವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹಿತ್ತಾಳೆಯ ಸೀಮೆಎಣ್ಣೆ ದೀಪ. ಮೇಲೊಂದು ಬಳೆ, ಆ ಬಳೆಯಲ್ಲಿ ಹೂವಿನಂತೆ ಬಾಯ್ದೆರೆದು ಕೂತ ಗುಲಾಬಿ ಬಣ್ಣದ ಗಾಜು. ಅಮಾವಾಸ್ಯೆಗೊಮ್ಮೆ ತಾವೇ ಬೂದಿ ಸೋಸಿ ಒರೆಸುವರು. ಗಾಜನ್ನು ಮಾತ್ರ ಬಳೆಯಿಂದ ಎತ್ತುವುದಿಲ್ಲ. ಮದುವೆಯಲ್ಲಿ ಅವರವ್ವ ಕೊಟ್ಟ ದೀಪ. ಧಾರವಾಡದ ಕಡೆಯ ಆ ತವರಿನಿಂದ ಇನ್ನೇನೂ ಉಳಿದಿರಲಿಲ್ಲ.

ನಾದಿನಿ ಅನ್ನಪೂರ್ಣಾ, ಮನೆಯವರಿಗೆಲ್ಲ ಅನ್ನು, ಹಳಿಯಾಳದಲ್ಲಿ ಮನೆ ಕಟ್ಟಿಸಿದಾಗ ಅತ್ತೆ, "ದೀಪ ಅನ್ನುಗ. ತವರಿಂದು ಮಗಳಿಗೇ ಹೋಗಬೇಕು" ಎಂದರು.

ಊಟಕ್ಕೆ ಕೂತಿದ್ದ ನನ್ನ ಗಂಡ ಸುಭಾಸ ತಲೆ ಎತ್ತಿದರು. "ಅದು ಅಪ್ಪಂದು ಯವ್ವಾ. ಟಿಂಬರ್ ಕಂಪನಿ ಸಾಹೇಬ್ರ ಬಂಗ್ಲೆ ಕೆಡವಿದಾಗ ತಂದದ್ದು ಅಂತ ಸಾಯೋ ಮುಂದ ನನ್ನ ಮುಂದ ಹೇಳ್ಯಾನ."

"ನಿಮ್ಮಪ್ಪಗ ಆಗ ಜ್ವರ ತೆಲಿಗೇರಿತ್ತು."

"ನಿನಗ ಈಗ ವಯಸ್ಸು ಏರೇತಿ."

ಮಾವ ಶಂಕ್ರಪ್ಪ ಪೇಪರ್ ಮಿಲ್ಲಿನಲ್ಲಿ ದುಡಿದವರು, ಸುಳ್ಳು ಹೇಳುವ ಮನುಷ್ಯರಲ್ಲ. ಅತ್ತೆಯೂ ಅಲ್ಲ. ಹಳಿಯಾಳದಲ್ಲಿ ರೆಸಾರ್ಟುಗಳಿಗೆ ಹಳೆಯ ದೀಪ, ಮೇಜು ಒದಗಿಸುವ ಫಯಾಜ ಅವರಿಗೆ ತೋರಿಸೋಣ ಎಂದವಳು ನಾನೇ. ಬಸ್ಸಿನಲ್ಲಿ ಅತ್ತೆ ದೀಪವನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಾಗ ಹಾಗೆ ಹೇಳಬಾರದಿತ್ತೆನ್ನಿಸಿತು. ಮುದುಕಿಯ ಒಂದೇ ಒಂದು ತವರಿನ ವಸ್ತು ನನ್ನ ಜಾಣತನದಿಂದ ಕೈತಪ್ಪಿದರೆ?

ಫಯಾಜ ಕೇಳಿಯೇ ಮುಟ್ಟಿದರು. "ಎತ್ತಲೇನ್ರಿ ಅಮ್ಮಾ?"

ಅತ್ತೆ ದೀಪದ ಬುಡವನ್ನು ಎರಡೂ ಕೈಯಲ್ಲಿ ಹಿಡಿದು, "ಎತ್ತಪ್ಪಾ" ಎಂದರು.

ಗಾಜು ಮೆಲ್ಲಗೆ ಮೇಲೆ ಬಂತು. ಅದರ ಕುತ್ತಿಗೆಗೆ ಬಟ್ಟೆಯ ಪಟ್ಟಿಯೊಂದು ಬಿಗಿಯಾಗಿ ಸುತ್ತಿತ್ತು. ಅಂಚು ಸುಟ್ಟು ಕಂದಾಗಿತ್ತು. ಫಯಾಜ ಅದನ್ನು ಬಿಚ್ಚಿ ಬದಿಗಿಟ್ಟು, ಗಾಜನ್ನು ಬಾಗಿಲ ಬೆಳಕಿಗೆ ಹಿಡಿದರು.

"ಇಲ್ಲಿ ಉಗುರು ಆಡಸ್ರಿ ಅಕ್ಕಾ" ಎಂದು ನನಗೆ ಹೇಳಿದರು. ಕುತ್ತಿಗೆಯಿಂದ ಬಾಯಿಯವರೆಗೆ ಕೂದಲಿನಂಥ ಗೆರೆಯೊಂದು ಉಗುರಿಗೆ ತಾಗಿತು. "ಅಚ್ಚಿನ ಗೆರಿ. ಇದು ಊದಿ ಮಾಡಿದ್ದಲ್ಲ, ಅಚ್ಚಿನಾಗ ಒತ್ತಿದ್ದು. ಮತ್ತ ಕುತ್ತಿಗಿಗೆ ತುಟಿ ಐತಿ ನೋಡ್ರಿ. ಎಣ್ಣಿ ದೀಪದ ಗಾಜಿಗೆ ಕುತ್ತಿಗಿ ನೆಟ್ಟಗಿರ್ತೈತಿ. ತುಟಿ ಮಾಡೋದು ಸ್ಕ್ರೂ ಹಿಡೀಲಿ ಅಂತ. ಮೂರು ಕಡೆ ಸ್ಕ್ರೂ ಗೀರಿದ ಗುರುತೂ ಅದಾವು. ಕರೆಂಟ್ ದೀಪದ ಶೇಡ್ ರೀ ಇದು. ಬಾಯಿ ಕೆಳಗ ಮಾಡಿ ಚಾವಣಿಗೆ ತೂಗಬಿಟ್ಟಿದ್ದು. ಐವತ್ತರ ಇಸವಿ ಆಸುಪಾಸಿಂದು ಇರಬೇಕು."

"ಮತ್ತ ಹಿತ್ತಾಳಿ?" ಎಂದೆ.

"ಅದು ಬ್ಯಾರೆ, ಬಾಳ ಹಳೇದು. ಗಾಜು ಸಣ್ಣದಾಗಿ ಬಳಿಯೊಳಗ ಅಲಗ್ಯಾಡ್ತಿತ್ತು. ಅದಕ್ಕ ಯಾರೋ ಅರಬಿ ಸುತ್ತಿ ಕೂಡ್ಸ್ಯಾರ."

ಅತ್ತೆ ಗಾಜನ್ನು ನೋಡುತ್ತಿರಲಿಲ್ಲ. ಆ ಪಟ್ಟಿಯನ್ನು ತೊಡೆಯ ಮೇಲೆ ಹರವಿ ಬೆರಳಿನಿಂದ ತೀಡುತ್ತಿದ್ದರು. ಕಪ್ಪು ಖಣ, ಕೆಂಪು ದಡಿ.

"ಇದು ನನ್ನ ಕುಪ್ಪಸ" ಎಂದರು. "ಸುಭಾಸನ ಹಡಿಯಾಕ ತವರಿಗೆ ಹೋಗೋ ಮುಂದ ಮನ್ಯಾಗ ಬಿಟ್ಟು ಹೋಗಿದ್ದೆ. ಬಂದು ಹುಡುಕಿದ್ರ ಇಲ್ಲ. ನಮ್ಮತ್ತಿ ಮ್ಯಾಲೆ ಸಂಶೆ ಪಟ್ಟಿದ್ದೆ, ಪಾಪ."

ಸ್ವಲ್ಪ ಹೊತ್ತಿಗೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ನಗುತ್ತಿದ್ದರು.

"ಸುಭಾಸನ ಅಪ್ಪ ನಮ್ಮವ್ವನ ಗಾಜು ಒಡದಾನ. ಹೆದರಿ ಬಂಗ್ಲೆದು ತಂದು ಕೂಡ್ಸ್ಯಾನ. ಕೂಸಿನ ಕರಕೊಂಡು ಬಂದ ದಿನಾನ ಕೇಳಿದ್ದೆ ಶೈಲಾ, ಬಣ್ಣ ಯಾಕೋ ತಿಳಿಯಾಗೇತಲ್ಲ ಅಂತ. ಬಾಣಂತಿ ಕಣ್ಣು ಮಂಜು ಇರ್ತಾವು, ದೀಪ ಭಾಳ ನೋಡಬ್ಯಾಡ ಅಂದ. ಅತ್ತೀನೂ ಹೂಂ ಅಂದ್ಲು. ನಾನೂ ನಂಬಿದೆ."

ಮನೆಯಲ್ಲಿ ಸುಭಾಸ ಕಾಯುತ್ತಿದ್ದರು. ಅತ್ತೆ ಗಾಜನ್ನು ಅವರ ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದರು. "ನಿಮ್ಮಪ್ಪ ಖರೇನ ಹೇಳ್ಯಾನ. ಗಾಜು ನಿಂದು. ಹಿತ್ತಾಳಿ ಅನ್ನುಂದು."

ಗೆದ್ದವರ ಮುಖವಿರಲಿಲ್ಲ ಸುಭಾಸರದು. ಗಾಜನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೇಜಿನ ಮೇಲೆ ಇಡಲು ಹೋದರೆ ಅದು ವಾಲಿತು. ಕೈಬಿಡಲಾಗದೆ ಹಿಡಿದೇ ನಿಂತರು.

"ಬರೇ ಗಾಜು ತಗೊಂಡು ನಾ ಏನ ಮಾಡ್ಲಿ? ಅಪ್ಪ ಅದನ್ನ ಕೂಡಿಸಿದ್ದು ನಿನ್ನ ದೀಪಕ್ಕ" ಎಂದರು. "ಸುತ್ತು ಯವ್ವಾ. ಅನ್ನು ಒಯ್ಯಲಿ."

ಅತ್ತೆ ಪಟ್ಟಿ ಸುತ್ತಿದರು. ಸುಟ್ಟ ಅಂಚು ಮೊದಲಿದ್ದ ಕಡೆಗೇ ಬರುವಂತೆ ನೋಡಿಕೊಂಡು ಗಾಜನ್ನು ಬಳೆಯಲ್ಲಿ ಕೂರಿಸಿ, ಎಣ್ಣೆ ಹಾಕಿ ಹಚ್ಚಿದರು. ಸಂಜೆಯ ಗೋಡೆಯ ಮೇಲೆ ಬೆಳಕು ಹರಡಿತು.

"ಶೈಲಾ, ನೀ ನೋಡಿ ಹೇಳು. ಬಣ್ಣ ತಿಳಿ ಐತೇನು?"

ಮೂವತ್ತು ವರ್ಷ ಕಂಡ ಬೆಳಕನ್ನು ಹೊಸದಾಗಿ ನೋಡಿದೆ. "ಹೌದ್ರಿ ಅತ್ತಿ. ಗುಲಾಬಿ ಅನ್ನಾಕ ತಿಳೀನ ಐತಿ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಗೊರಗಿ ಕೂತರು.

"ಹಂಗಾರ ಆವಾಗ ನನ್ನ ಕಣ್ಣು ಚಲೋನ ಇದ್ವು."