ಐದನೆಯ ಹೆಸರು

ಕಾರ್ಲಾ ಹೆಸ್ಲಪ್ ಸಭಾಂಗಣದ ಬಾಗಿಲಲ್ಲಿ ಕಂಡ ಕೂಡಲೇ ಗಾರ್ಬಟ್ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ಅವಳ ಕೈಗೆ ಸಿಗುವ ಹಾಗೆ ತಿರುಗಿಸಿ ಇಟ್ಟರು. ಮೇಜಿನ ಮೇಲಿದ್ದ ಹಾಳೆಯಲ್ಲಿ 'ಉನ್ನತ ಗಣಿತ' ಎಂಬ ತಲೆಬರಹದ ಕೆಳಗೆ ಆಗಲೇ ನಾಲ್ಕು ಹೆಸರು ಬಿದ್ದಿದ್ದವು. ಐದನೆಯ ಗೆರೆ ಖಾಲಿ ಇತ್ತು.

ನವೆಂಬರಿನ ಆ ಸಂಜೆ ಥಾರ್ನ್‌ಹೇವನ್ ಶಾಲೆಯಲ್ಲಿ ಸಿಕ್ಸ್ತ್ ಫಾರ್ಮ್ ಆಯ್ಕೆಯ ಗದ್ದಲ. ಹದಿನಾರಕ್ಕೆ ಬಂದ ಮಕ್ಕಳು, ಇನ್ನೆರಡು ವರ್ಷ ಎಲ್ಲಿ ಯಾವ ಮೂರು ನಾಲ್ಕು ವಿಷಯ ಓದಿದರೆ ವಿಶ್ವವಿದ್ಯಾಲಯದ ಬಾಗಿಲು ತೆರೆದೀತು ಎಂದು ಅಪ್ಪ ಅಮ್ಮಂದಿರನ್ನು ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದರು. ರಸಾಯನಶಾಸ್ತ್ರದವರು ಹಸಿರು ಬೆಂಕಿ ಹಚ್ಚಿ ತೋರಿಸಿ ಜನ ಸೇರಿಸಿದ್ದರು. ನಾಟಕದವರ ಹತ್ತಿರ ಮುಖವಾಡಗಳಿದ್ದವು. ಗಾರ್ಬಟ್ ಮೇಷ್ಟ್ರು ಒಂದು ಡಬ್ಬಿ ಬಿಸ್ಕತ್ತು, ಒಂದು ಲೆಕ್ಕ ಇಟ್ಟುಕೊಂಡು ಕೂತಿದ್ದರು. ಲೆಕ್ಕ ಬಿಡಿಸಿದವರಿಗೆ ಬಿಸ್ಕತ್ತು ಎಂದು ಬೋರ್ಡು ಬೇರೆ. ಸಂಜೆಯಿಂದ ಬಿಸ್ಕತ್ತು ತಿಂದವರು ಮೇಷ್ಟ್ರೊಬ್ಬರೇ.

ಐದು ಹೆಸರಿಲ್ಲದಿದ್ದರೆ ತರಗತಿ ಇಲ್ಲ ಎಂಬುದು ಶಾಲೆಯ ಕಟ್ಟಳೆ. ಹಿಂದಿನ ವರ್ಷ ಫ್ರೆಂಚ್ ಹೋಯಿತು, ಅದಕ್ಕೂ ಹಿಂದಿನ ವರ್ಷ ಸಂಗೀತ. ಈ ಬಾರಿಯ ಸರದಿ ಯಾರದೆಂದು ಉಪಮುಖ್ಯೋಪಾಧ್ಯಾಯಿನಿ ಪ್ರಾಕ್ಟರ್ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಬೆಳಿಗ್ಗೆ ಚಹಾ ಬೆರೆಸುತ್ತಾ, ಎಷ್ಟಾಯಿತು ಡೆಸ್ಮಂಡ್ ಎಂದು ಮೇಷ್ಟ್ರನ್ನು ಹೆಸರು ಹಿಡಿದು ವಿಚಾರಿಸಿದ್ದರು. ನಾಲ್ಕು ಎಂದಾಗ ಚಮಚ ಆಡಿಸುವುದನ್ನು ನಿಲ್ಲಿಸಿ, ಛೇ, ಎಂದಿದ್ದರು.

ಇಪ್ಪತ್ತಾರು ವರ್ಷದಿಂದ ಹದಿನಾಲ್ಕನೆಯ ನಂಬರಿನ ಕೋಣೆಯಲ್ಲಿ ಮೇಷ್ಟ್ರು ಆ ತರಗತಿ ನಡೆಸಿದ್ದರು. ಉಳಿದ ಹೊತ್ತೆಲ್ಲ ಚಿಕ್ಕ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಟ್ಟು, ಗಲಾಟೆ ಮಾಡಿದವರನ್ನು ಗದರಿಸಿ, ಗಂಟಲು ಕೆಡಿಸಿಕೊಳ್ಳುವುದೇ ಆಗುತ್ತಿತ್ತು. ದಿನಕ್ಕೊಂದು ಗಂಟೆ ಮಾತ್ರ ಬಾಗಿಲು ಮುಚ್ಚಿಕೊಂಡು ತಮಗೆ ಇಷ್ಟವಾದದ್ದನ್ನು ಇಷ್ಟಪಡುವವರ ಜೊತೆ ಮಾತಾಡಬಹುದಾಗಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ. ಗಣಿ ಕಾರ್ಮಿಕನ ಮಗ, ಓದಲು ಹೊರಗೆ ಹೋಗಿ ಅದೇ ಊರಿಗೆ ವಾಪಸು ಬಂದವರು. ಆ ಒಂದು ಗಂಟೆ ತಪ್ಪಿದರೆ ಅವರ ಬದುಕಿನಲ್ಲಿ ಏನು ಉಳಿಯುತ್ತದೆ ಎಂದು ಕೇಳಿದರೆ ನನಗೂ ಉತ್ತರ ಗೊತ್ತಿಲ್ಲ.

ಕಾರ್ಲಾ ಎಂದರೆ ಅವರಿಗೆ ಜೀವ. ಹನ್ನೊಂದರ ವಯಸ್ಸಿನಿಂದ ಅವರ ಕೈಕೆಳಗೆ ಕಲಿತವಳು. ಮನೆಲೆಕ್ಕ ಕೊಟ್ಟರೆ ಸರಿಯಾಗಿ ಮಾಡಿ ತಂದು, ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಇನ್ನೊಂದು ದಾರಿಯನ್ನೂ ಬರೆದಿರುತ್ತಿದ್ದಳು. ಕೆಳಗೆ, 'ಹೀಗೂ ಆಗುತ್ತೆ ಸರ್'. ಕೆಲವು ಸಲ ಆ ದಾರಿ ತಪ್ಪಿರುತ್ತಿತ್ತು. ಕೆಲವು ಸಲ ಮೇಷ್ಟ್ರಿಗೂ ಹೊಳೆಯದಂಥದ್ದಾಗಿರುತ್ತಿತ್ತು. ಮೂವತ್ತು ಹಾಳೆ ತಿದ್ದುವಾಗ ಅವಳದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರು, ಊಟದ ಕೊನೆಯಲ್ಲಿ ಸಿಹಿ ತಿನ್ನುವ ಹಾಗೆ.

ಅವಳು ಮೇಜಿನ ಹತ್ತಿರ ಬಂದು ನಿಂತಳು. ಹಿಂದೆ ಅವಳ ಅಮ್ಮ ಮೋರೀನ್, ಇಬ್ಬರ ಕೋಟುಗಳನ್ನೂ ತೋಳಿನ ಮೇಲೆ ಹೊತ್ತುಕೊಂಡು. ಮೋರೀನ್ ಅದೇ ಶಾಲೆಯ ಅಡುಗೆಮನೆಯಲ್ಲಿ ಬಡಿಸುವ ಕೆಲಸದವಳು. ಮೇಷ್ಟ್ರಿಗೆ ದಿನವೂ ಊಟ ಹಾಕುವ ಕೈ. ಕಾರ್ಲಾ ಪೆನ್ನು ಮುಟ್ಟಲಿಲ್ಲ. ಚೀಲದಿಂದ ಒಂದು ಅರ್ಜಿ ತೆಗೆದು ಬಿಸ್ಕತ್ತಿನ ಡಬ್ಬಿಯ ಪಕ್ಕ ಇಟ್ಟಳು.

"ಸರ್, ಬೇಜಾರು ಮಾಡ್ಕೋಬೇಡಿ. ನಾನು ನಗರದ ಕಾಲೇಜಿಗೆ ಹಾಕ್ತಿದೀನಿ. ಈ ಶಿಫಾರಸನ್ನ ಗಣಿತದ ಮೇಷ್ಟ್ರೇ ಬರೆದು ಅವರಿಗೆ ಕಳಿಸ್ಬೇಕಂತೆ. ಡಿಸೆಂಬರ್ ಹದಿನೈದರೊಳಗೆ."

ಇಲ್ಲಿ ಇಲ್ಲದ್ದು ಅಲ್ಲೇನಿದೆ ಎಂದು ಮೇಷ್ಟ್ರು ಕೇಳಿದರು. ತಮಾಷೆಯ ದನಿಯಲ್ಲಿ ಕೇಳಬೇಕೆಂದಿದ್ದರು, ಹಾಗೆ ಬರಲಿಲ್ಲ.

"ಇಪ್ಪತ್ತೆರಡು ಜನ ಸರ್," ಎಂದಳು ಕಾರ್ಲಾ. ಅವಳ ಕಣ್ಣು ಅರಳಿತ್ತು. "ಲೆಕ್ಕದ ಹುಚ್ಚಿರೋರು ಇಪ್ಪತ್ತೆರಡು ಜನ, ಒಂದೇ ಕೋಣೇಲಿ. ನಾನು ಹೋಗಿ ನೋಡ್ಕೊಂಡು ಬಂದೆ. ಬೋರ್ಡ್ ಮುಂದೆ ನಿಂತು ಜಗಳ ಆಡ್ತಿದ್ರು."

ಬಸ್ಸಿನಲ್ಲಿ ಹೋಗಲು ಒಂದು ಗಂಟೆ ಹತ್ತು ನಿಮಿಷ, ಬರಲು ಅಷ್ಟೇ, ಚಳಿಗಾಲದಲ್ಲಿ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರಬೇಕು ಎಂದು ಮೋರೀನ್ ಹಿಂದಿನಿಂದ ಗೊಣಗಿದಳು. ಆಮೇಲೆ, ಓದುವವಳು ಅವಳು, ತಾನು ಯಾಕೆ ಅಡ್ಡ ಬರಲಿ ಎಂದೂ ತಾನೇ ಸಮಾಧಾನ ಹೇಳಿಕೊಂಡಳು. ಮೇಷ್ಟ್ರು ಅರ್ಜಿಯನ್ನು ಎರಡಾಗಿ ಮಡಚಿ ಕೋಟಿನ ಒಳಜೇಬಿಗೆ ಸೇರಿಸಿದರು. ಕಾರ್ಲಾ ಹೋಗುವ ಮುಂಚೆ ಮೇಜಿನ ಮೇಲಿದ್ದ ಲೆಕ್ಕವನ್ನು ನಿಂತಲ್ಲೇ ಬಿಡಿಸಿ, ಒಂದು ಬಿಸ್ಕತ್ತು ತೆಗೆದುಕೊಂಡು ಹೋದಳು.

ಭಾನುವಾರ ಮಧ್ಯಾಹ್ನ ಮೇಷ್ಟ್ರು ಶಿಫಾರಸು ಬರೆದರು. ಹಾಗೆ ಇನ್ನೊಬ್ಬರ ಬಗ್ಗೆ ಅವರು ಯಾವತ್ತೂ ಬರೆದಿರಲಿಲ್ಲ. 'ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವ ಹುಡುಗಿಯಲ್ಲ, ಕೇಳದೆ ಬಿಟ್ಟದ್ದನ್ನು ಹುಡುಕಿಕೊಂಡು ಹೋಗುವವಳು' ಎಂದು ಬರೆದು, ಓದಿ, ಕಣ್ಣೊರೆಸಿಕೊಂಡರು. ಲಕೋಟೆ ಅಂಟಿಸಿ ಅದೇ ಒಳಜೇಬಿಗೆ ಇಟ್ಟರು. ಸೋಮವಾರ ಅಂಚೆಡಬ್ಬಿಯ ಮುಂದೆ ಹಾದುಹೋಗುವಾಗ ಜೇಬಿಗೆ ಕೈ ಹಾಕಿದರು. ಇನ್ನೂ ಮೂರು ವಾರವಿದೆಯಲ್ಲ ಎನಿಸಿತು. ಮಂಗಳವಾರ ಹಾಗೆಯೇ. ಬುಧವಾರ ಇನ್ನೊಂದು ಬದಿಯ ರಸ್ತೆಯಲ್ಲಿ ನಡೆದರು.

ಕಳಿಸಬಾರದು ಎಂದು ಅವರು ನಿರ್ಧಾರ ಮಾಡಲಿಲ್ಲ. ಮಾಡಿದ್ದರೆ ಅವರೇ ತಮ್ಮನ್ನು ತಡೆಯುತ್ತಿದ್ದರು, ಅಷ್ಟು ನಾನು ಅವರ ಪರವಾಗಿ ಹೇಳಬಲ್ಲೆ. ಇವತ್ತು ಬೇಡ ಎಂದಷ್ಟೇ ಅಂದುಕೊಂಡರು, ದಿನಕ್ಕೊಂದು ಸಲ. ಪರೀಕ್ಷೆಯ ಹಾಳೆಗಳ ರಾಶಿ ಬಿದ್ದಿತ್ತು, ನೆಗಡಿಯಾಗಿತ್ತು, ಕ್ರಿಸ್‌ಮಸ್ಸಿನ ಗಡಿಬಿಡಿಯಿತ್ತು. ನೆವಗಳಿಗೆ ಬರವೇನು? ಡಿಸೆಂಬರಿನ ಮೊದಲ ವಾರ ಕಾರ್ಲಾ ತರಗತಿ ಮುಗಿದ ಮೇಲೆ ನಿಂತು, ಕಾಗದ ಹೋಯಿತೇ ಎಂದು ಕೇಳಿದಾಗ, ಅದರ ಚಿಂತೆ ನಿನಗೆ ಬೇಡ ಎಂದರು. ಅವಳು ಚಿಂತೆ ಬಿಟ್ಟಳು. ಅವರ ಮಾತನ್ನು ನಂಬದೇ ಇರುವುದು ಅವಳಿಗೆ ಗೊತ್ತಿರಲಿಲ್ಲ.

ಜನವರಿ ಐದರಂದು ಲಕೋಟೆ ಅಂಚೆಡಬ್ಬಿಗೆ ಬಿತ್ತು. ಮನೆಯಲ್ಲಿ ಮೊದಲ ದರ್ಜೆಯ ಅಂಚೆಚೀಟಿಯೂ ಇತ್ತು, ಅಂಟಿಸಿದರೆ ಮರುದಿನವೇ ತಲುಪುತ್ತಿತ್ತು. ಮೇಷ್ಟ್ರು ಎರಡನೆಯ ದರ್ಜೆಯದನ್ನು ಅಂಟಿಸಿದ್ದರು.

ಮಾರ್ಚಿನಲ್ಲಿ ಉತ್ತರ ಬಂತು, ಮೂರೇ ಸಾಲು. ಎಲ್ಲ ಜಾಗಗಳೂ ತುಂಬಿವೆ, ಹೆಸರನ್ನು ಕಾಯುವವರ ಪಟ್ಟಿಗೆ ಸೇರಿಸಲಾಗಿದೆ, ಆಸಕ್ತಿಗೆ ವಂದನೆಗಳು. ಕಾರಣ ಬರೆದಿರಲಿಲ್ಲ. ಕಾರ್ಲಾ ಅದನ್ನು ಹದಿನಾಲ್ಕನೆಯ ಕೋಣೆಗೆ ತಂದು ಮೇಷ್ಟ್ರ ಮುಂದಿಟ್ಟಳು. ಅವರು ಮೂರು ಸಾಲನ್ನು ಬಹಳ ಹೊತ್ತು ಓದಿದರು.

"ನನ್ನ ಬಗ್ಗೆ ಚೆನ್ನಾಗಿ ಬರೆದಿದ್ರಾ ಸರ್?"

"ಕಂಡಿದ್ದನ್ನ ಬರೆದಿದ್ದೆ ಕಣಮ್ಮಾ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಅದು ನಿಜವೇ ಆಗಿತ್ತು, ಅದೇ ಕೆಟ್ಟದ್ದು. ಕಾರ್ಲಾ ತಲೆಯಾಡಿಸಿದಳು. ಹಾಗಾದರೆ ಕಾಲೇಜಿನವರು ಓದಿಯೇ ಸಾಲದು ಅಂದುಕೊಂಡಿರಬೇಕು ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಮೇಷ್ಟ್ರ ಮೇಜಿನ ಮೇಲಿನ ಹಾಳೆಯನ್ನು ಎಳೆದುಕೊಂಡು ಐದನೆಯ ಗೆರೆಯ ಮೇಲೆ ಹೆಸರು ಬರೆದಳು. ಪ್ರಾಕ್ಟರ್ ಮೇಡಂ ಮರುದಿನ ಚಹಾ ಬೆರೆಸುತ್ತಾ ಅಭಿನಂದನೆ ಹೇಳಿದರು.

ಆಗಸ್ಟಿನ ಗುರುವಾರ, ಫಲಿತಾಂಶದ ದಿನ. ಮಕ್ಕಳು ಸಭಾಂಗಣದಲ್ಲಿ ಕಂದು ಲಕೋಟೆಗಳನ್ನು ಹರಿದು ಅಳುವವರು ಅಳುತ್ತಾ ತಬ್ಬಿಕೊಳ್ಳುವವರು ತಬ್ಬಿಕೊಳ್ಳುತ್ತಾ ಇದ್ದರು. ಮೇಷ್ಟ್ರು ಆಫೀಸಿನ ಫೋನು ಹಿಡಿದು ನಿಂತಿದ್ದರು. ಬೇಸಿಗೆ ರಜೆಯ ಉದ್ದಕ್ಕೂ ಅವರಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಕಾಲೇಜಿನ ಗುಮಾಸ್ತೆ ಆ ಕಡೆ ಪುಟ ತಿರುಗಿಸಿ ನೋಡಿ ಹೇಳಿದಳು: ಗಣಿತದ ಗುಂಪಿನಲ್ಲಿ ಒಂದು ಜಾಗ ಬಿಟ್ಟುಹೋಗಿದೆ, ಅಂಕ ಚೆನ್ನಾಗಿದ್ದರೆ ಕೊಡಬಹುದು, ಆದರೆ ಹುಡುಗಿ ಖುದ್ದಾಗಿ ಹನ್ನೆರಡರೊಳಗೆ ಬಂದು ಸೇರಬೇಕು, ತಪ್ಪಿದರೆ ಪಟ್ಟಿಯ ಮುಂದಿನವರಿಗೆ. ಗಡಿಯಾರದಲ್ಲಿ ಹತ್ತು ಗಂಟೆ ಐದು ನಿಮಿಷ. ಹತ್ತೂ ಇಪ್ಪತ್ತರ ಬಸ್ಸು ಹಿಡಿದರೆ ಹನ್ನೊಂದೂವರೆಗೆ ನಗರ. ಅದರ ನಂತರದ ಬಸ್ಸು ಪ್ರಯೋಜನವಿಲ್ಲ.

ಅವರು ಓಡಿದರು. ಐವತ್ತೆಂಟರ ಗಾರ್ಬಟ್ ಮೇಷ್ಟ್ರು ಓಡುವುದನ್ನು ಆ ಶಾಲೆಯಲ್ಲಿ ಯಾರೂ ನೋಡಿರಲಿಲ್ಲ. ಕಾರ್ಲಾ ಕಿಟಕಿಯ ಹತ್ತಿರ ಅಮ್ಮನ ಜೊತೆ ನಿಂತಿದ್ದಳು. ಕೈಯಲ್ಲಿದ್ದ ಚೀಟಿಯಲ್ಲಿ ಎಲ್ಲವೂ ಅತಿ ಮೇಲಿನ ದರ್ಜೆ, ಒಂದೂ ಬಿಡದೆ. ಅವರು ಏದುಸಿರು ಬಿಡುತ್ತಾ ವಿಷಯ ಹೇಳಿದರು: ಜಾಗ ಇದೆ, ಈಗಲೇ ಹೊರಡು, ಬಸ್ಸು ಇದೆ.

ಅವಳ ಮುಖದಲ್ಲಿ ನವೆಂಬರಿನ ಆ ಬೆಳಕು ಒಂದು ಗಳಿಗೆ ಕಾಣಿಸಿಕೊಂಡಿತು. ಆಮೇಲೆ ಹೋಯಿತು.

"ನೀವು ಫೋನ್ ಮಾಡಿ ಕೇಳ್ಕೊಂಡ್ರಾ ಸರ್?"

ಕೇಳಿದೆ ಎಂದರು.

"ಮಾರ್ಚ್‌ನಲ್ಲಿ ಕಾಗದ ಓದಿ ಬೇಡ ಅಂದೋರು, ಈಗ ನೀವು ಕೇಳ್ಕೊಂಡ್ರಿ ಅಂತ ಹೂಂ ಅಂದ್ರು. ಹಂಗೆ ಹೋಗಿ ಆ ಇಪ್ಪತ್ತೆರಡು ಜನದ ಮಧ್ಯ ಕೂರೋಕೆ ನನಗಾಗಲ್ಲ ಸರ್."

"ಅವರು ನಿನ್ನ ಬೇಡ ಅಂದಿದ್ದಲ್ಲ ಕಾರ್ಲಾ."

"ಮತ್ತೆ?"

ಮತ್ತೇನು ಎಂಬುದು ಎರಡು ಮಾತಿನಲ್ಲಿ ಹೇಳಿ ಮುಗಿಯುವಂಥದ್ದು. ಕಾಗದ ತಡವಾಗಿ ಹೋಯಿತು, ತಡ ಮಾಡಿದ್ದು ನಾನು. ಹೇಳಿದ್ದರೆ ಅವಳು ಬಸ್ಸಿಗೆ ಓಡುತ್ತಿದ್ದಳು. ಅವರ ಮುಖ ನೋಡದೆ ಓಡುತ್ತಿದ್ದಳು, ಆದರೂ ಓಡುತ್ತಿದ್ದಳು. ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಮೋರೀನ್ ಅವರ ತೋಳಿನ ಮೇಲೆ ಕೈ ಇಟ್ಟಳು.

"ಬಿಟ್ಬಿಡಿ ಮೇಷ್ಟ್ರೇ. ವಾರಗಟ್ಟಲೆ ಅತ್ತಿದಾಳೆ, ಈಗ ಹೆಂಗೋ ಸುಮ್ಮನಾಗಿದಾಳೆ, ಮತ್ತೆ ಕೆದಕಬೇಡಿ. ನಿಮ್ಮಂಥೋರು ಇಲ್ಲಿರೋವಾಗ ಅವಳಿಗೇನು ಕಮ್ಮಿ? ನನ್ನ ಮಗಳಿಗೋಸ್ಕರ ಇಷ್ಟು ಯಾರು ಮಾಡ್ತಾರೆ ಹೇಳಿ." ಅವಳ ಕಣ್ಣಲ್ಲಿ ನೀರಿತ್ತು.

ಅವರಿಗೆ ಆ ಕೈ ತೆಗೆಸಲಾಗಲಿಲ್ಲ. ಮಾರ್ಚಿನಲ್ಲಿ ಜಾಗ ತುಂಬಿಹೋಗಿತ್ತು, ಅಷ್ಟೇ ಎಂದರು ಕಾರ್ಲಾಳಿಗೆ. ಅವಳು ಸೌಜನ್ಯಕ್ಕೆ ತಲೆಯಾಡಿಸಿದಳು. ಇದನ್ನು ಬರೆಯುವಾಗ ಈಗಲೂ ನನಗೆ ಆ ಮನುಷ್ಯನ ಕೊರಳಪಟ್ಟಿ ಹಿಡಿದು ಅಲುಗಿಸಬೇಕೆನಿಸುತ್ತದೆ. ಸಭಾಂಗಣದ ಕಿಟಕಿಯಾಚೆ ಬಸ್ಸು ನಿಂತು, ಒಬ್ಬ ಮುದುಕಿಯನ್ನು ಹತ್ತಿಸಿಕೊಂಡು, ಇಳಿಜಾರಿನ ಕಡೆ ಹೊರಟುಹೋಯಿತು. ಮೂವರೂ ಅದನ್ನು ನೋಡಿದರು.

ಸೆಪ್ಟೆಂಬರಿನಲ್ಲಿ ಹದಿನಾಲ್ಕನೆಯ ಕೋಣೆಯಲ್ಲಿ ಉನ್ನತ ಗಣಿತದ ತರಗತಿ ಶುರುವಾಯಿತು. ಐದು ಜನ. ಉಳಿದ ನಾಲ್ವರು ಒಳ್ಳೆಯ ಮಕ್ಕಳು. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು, ಗಂಟೆ ಹೊಡೆದರೆ ಏಳುತ್ತಿದ್ದರು. ಕಾರ್ಲಾ ಕಿಟಕಿ ಪಕ್ಕ ಕೂತಳು. ಅವಳೂ ಬರೆದುಕೊಂಡಳು. ಮೊದಲೆಲ್ಲ ಪಾಠದ ಮಧ್ಯೆ ಕೈ ಎತ್ತಿ ಮೇಷ್ಟ್ರ ದಾರಿ ತಪ್ಪಿಸುತ್ತಿದ್ದವಳು ಆ ವಾರವಿಡೀ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೋರ್ಡಿನ ಮೇಲೆ ಮೇಷ್ಟ್ರು ಬೇಕೆಂದೇ ಒಂದು ಹೆಜ್ಜೆ ತಪ್ಪು ಹಾಕಿದರು. ಅವಳು ಅದನ್ನೂ ಬರೆದುಕೊಂಡಳು.

ಊಟದ ಸಾಲಿನಲ್ಲಿ ಮೋರೀನ್ ಅವರ ತಟ್ಟೆಗೆ ಮಾಂಸದ ಪೈ ಒಂದು ತುಂಡು ಹಾಕಿ, ಮೇಲೆ ಇನ್ನೊಂದು ತುಂಡು ಹಾಕಿದಳು. ಸಾಕು ಎಂದರೆ ಕೇಳಲಿಲ್ಲ. ಹಿಂದಿನವರು ರೇಗಿಸಿದರೆ, ನಮ್ಮ ಮೇಷ್ಟ್ರಿಗೆ ನಾನು ಎಷ್ಟು ಬೇಕಾದರೂ ಹಾಕುತ್ತೇನೆ ಎಂದಳು. ಮೇಷ್ಟ್ರು ಎರಡೂ ತುಂಡು ತಿಂದರು. ಬಿಟ್ಟು ಎದ್ದರೆ ಅವಳು ಕಾರಣ ಕೇಳುತ್ತಿದ್ದಳು.

ಶುಕ್ರವಾರ ಮನೆಲೆಕ್ಕದ ಹಾಳೆಗಳು ಬಂದವು. ಕಾರ್ಲಾ ತನ್ನದನ್ನು ಕೊಟ್ಟು ಹೊರಡುವಾಗ ಮೇಷ್ಟ್ರು ತಡೆದರು. ಅವಳ ಉತ್ತರದ ಮೇಲೆ ಬೆರಳಿಟ್ಟು, ಇದಕ್ಕೆ ಇನ್ನೊಂದು ದಾರಿ ಇದೆಯಲ್ಲ ಎಂದರು. ಬೇಡಿಕೊಳ್ಳುವ ದನಿ ಅದು.

"ಇದು ಸರಿ ಇದೆ ಅಲ್ವಾ ಸರ್?" ಎಂದಳು ಅವಳು.

ಸರಿ ಇದೆ ಎಂದರು.

ಅವಳು ಚೀಲ ಹೆಗಲಿಗೇರಿಸಿಕೊಂಡು ಹೋದಳು. ಮೇಷ್ಟ್ರು ನಾಲ್ಕು ಹಾಳೆ ತಿದ್ದಿ ಮುಗಿಸಿ ಅವಳದನ್ನು ಕೊನೆಗೆ ತೆಗೆದುಕೊಂಡರು. ಒಂದೊಂದೇ ಲೆಕ್ಕದ ಮುಂದೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಕೆಳಗಿನವರೆಗೆ ಬಂದರು. ಒಂದೂ ತಪ್ಪಿರಲಿಲ್ಲ. ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಪೆನ್ಸಿಲಿನಲ್ಲಿ ಬರೆದು ಅಳಿಸಿದ ಗುರುತಾದರೂ ಇದ್ದೀತೆಂದು. ಎಡಗಡೆಯ ಅಂಚು ಮೇಲಿನಿಂದ ಕೆಳಗಿನವರೆಗೂ ಬಿಳಿಯಾಗಿತ್ತು.