ಮಾರಕ್ಕನ ಫೋಟೋಗೆ ಹಾರ ಹಾಕಿದ್ದು ಯಾರು?

ಚಂದಾಪುರದ ನಮ್ಮ ಬೀದಿಯಲ್ಲಿ ರಿಟೈರ್ ಆದವರಿಗೆಲ್ಲ ಒಂದೇ ಪಾತ್ರ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರಬೇಕು. ಮೇಲಿನ ಟ್ಯಾಂಕು ತುಂಬಿದಾಗ ಮೋಟರ್ ಆಫ್ ಮಾಡಬೇಕು. ಡೈಲಾಗೂ ಇಲ್ಲ, ಫೈಟೂ ಇಲ್ಲ.

ಐವತ್ತೆಂಟಕ್ಕೆ ಮಾರಕ್ಕನಿಗೂ ಆ ಕುರ್ಚಿ ಬಂತು. ಮದುವೆಯಾದಾಗಿನಿಂದ ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದವಳು. ಅಷ್ಟು ವರ್ಷವೂ ಕಂಪನಿ ವ್ಯಾನಿನೊಳಗೆ ಕುರಿಮಂದೆಯಲ್ಲಿ ಒಂದು ಕುರಿಯ ಹಾಗೆ ನಿಂತು ಹೋದಳು. ಸ್ವಲ್ಪ ತಡವಾದರೂ ಡ್ರೈವರು ಹಾರ್ನ್ ಹೊಡೆದು, ಬೈದು, ಬಿಟ್ಟೇ ಹೋಗುತ್ತಿದ್ದ. ಹಾಗೆ ವ್ಯಾನಿನ ಹಿಂದೆ ಓಡುವಾಗಲೇ ಅವಳಿಗೆ ಆಸೆ ಹುಟ್ಟಿದ್ದು: ಒಂದು ದಿನ ಆ ಸ್ಟೇರಿಂಗ್ ನಾನು ಹಿಡಿಯಬೇಕು.

ರಿಟೈರ್ ಆದ ವಾರವೇ ಮಗ ಸಿದ್ದರಾಜುವಿಗೆ ಹೇಳಿದಳು, ಡ್ರೈವಿಂಗ್ ಕಲಿಯುತ್ತೇನೆ ಅಂತ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಈ ವಯಸ್ಸಲ್ಲಿ ಯಾಕಮ್ಮ? ಆರಾಮಾಗಿ ಕೂತ್ಕೊ. ನೀನ್ ಹೋದ್ರೆ ಮೋಟರ್ ಯಾರು ಆಫ್ ಮಾಡ್ತಾರೆ?"

ಕೇಳಿದಿರಾ ಸ್ವಾಮಿ? ಆರಾಮಾಗಿ ಕೂತ್ಕೊ ಅಂದ ಬಾಯಲ್ಲೇ ಮೋಟರಿನ ಮಾತು. ಇದು ಪ್ರೀತಿಯಂತೆ. ಸಂಬಳ ಕೇಳದ ವಾಚ್‌ಮನ್ ಬೇಕಿತ್ತು, ಹೆತ್ತ ತಾಯಿಯೇ ಸಿಕ್ಕಳು.

ಕಂಪನಿಯಲ್ಲಿ ಬೀಳ್ಕೊಡುವಾಗ ಮಾರಕ್ಕನಿಗೆ ಶಾಲು ಹೊದಿಸಿ, ಕೊರಳಿಗೆ ಗಂಧದ ಹಾರ ಹಾಕಿ, ಅವಳದೇ ದೊಡ್ಡ ಫೋಟೋಗೆ ಫ್ರೇಮ್ ಹಾಕಿಸಿ ಕೊಟ್ಟಿದ್ದರು. ಸಿದ್ದರಾಜು ಬಲು ಅಚ್ಚುಕಟ್ಟಿನ ಮನುಷ್ಯ. ಒಂದು ಭಾನುವಾರ, ಅಮ್ಮ ಗೇಟಿನ ಹತ್ತಿರ ಡ್ಯೂಟಿಯಲ್ಲಿದ್ದಾಗ, ಫೋಟೋವನ್ನು ನಡುಮನೆಯ ಗೋಡೆಗೆ ತೂಗುಹಾಕಿದ. ಹಾರ ಸುಮ್ಮನೆ ಧೂಳು ತಿನ್ನುತ್ತಿದೆಯಲ್ಲ ಅಂತ ಅದನ್ನೂ ಫೋಟೋಗೇ ಹಾಕಿದ.

ಸಂಜೆ ಅತ್ತಿಬೆಲೆಯಿಂದ ನೆಂಟರ ಪೈಕಿ ಚನ್ನಕ್ಕ ಬಂದಳು. ಮಾರಕ್ಕ ಅಡುಗೆಮನೆಯಲ್ಲಿದ್ದಳು. ಚನ್ನಕ್ಕ ಗೋಡೆ ನೋಡಿದವಳೇ ಕೆಳಗೆ ಕುಸಿದು, ಒಂದು ಮಾತೂ ಹೇಳದೆ ಹೊರಟುಹೋದೆಯಲ್ಲ ಅಂತ ಎದೆ ಬಡಿದುಕೊಂಡು ಅಳತೊಡಗಿದಳು. ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಮಾರಕ್ಕನ ಎಂಟ್ರಿ. ಚನ್ನಕ್ಕ ಕಿಟಾರನೆ ಕಿರುಚಿದಳು. ಆಮೇಲೆ ಎಲ್ಲರೂ ನಕ್ಕರು. ಮಾರಕ್ಕ ನಗಲಿಲ್ಲ.

"ಸಿದ್ದ, ನಾನು ಸತ್ತಿದ್ದೀನೇನೋ?"

"ಅಯ್ಯೋ ಇಲ್ಲಮ್ಮ. ಹಾರ ಚೆನ್ನಾಗಿತ್ತು ಅಂತ..."

"ಕುರ್ಚೀಲಿ ಕೂರ್ಸಿದ ದಿನಾನೇ ನನ್ನ ಸಾಯ್ಸ್‌ಬುಟ್ಟೆ ಕಣೋ. ಆರ ಆಕಿದ್ದು ಇವತ್ತು, ಅಷ್ಟೇಯ."

ಗದ್ದಲ ಕೇಳಿ ಮೇಲಿನ ರೂಮಿನ ಮಹಾನಂದಾ ಇಳಿದು ಬಂದಳು. ಯಾದಗಿರಿ ಕಡೆಯವಳು, ಗಾರ್ಮೆಂಟ್ಸ್ ಹೆಂಗಸರನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಾಳೆ. ಸಿದ್ದರಾಜು ಅವಳನ್ನೇ ಸಾಕ್ಷಿಗೆ ಎಳೆದ. ಈ ವಯಸ್ಸಿಗೆ ಲೈಸೆನ್ಸೇ ಕೊಡುವುದಿಲ್ಲ, ನೀವೇ ಹೇಳಿ ಅಂದ.

"ಯಾರ್ ಹೇಳ್ಯಾರ್ರೀ ಅಣ್ಣಾ? ಇಷ್ಟ್ ವಯಸ್ಸಾದ ಮ್ಯಾಲ ಕಲೀಬಾರ್ದು ಅಂತ ಕಾನೂನೇ ಇಲ್ಲ. ನಲವತ್ತು ದಾಟಿದವ್ರು ಡಾಕ್ಟರ್ ಸರ್ಟಿಫಿಕೇಟ್ ಕೊಡಬೇಕು, ಅಷ್ಟ. ಕಣ್ಣು ತೋರಿಸ್ಲಿ, ಎಲ್‌ಎಲ್‌ಆರ್ ಮಾಡಿಸ್ಲಿ. ತಿಂಗಳಾದ ಮ್ಯಾಲ ಟೆಸ್ಟ್."

ಕೈಕಾಲು ನಡುಗಿದರೆ ಗತಿಯೇನು ಅಂತ ಸಿದ್ದರಾಜು ಗೊಣಗಿದ.

"ಮಿಸಿನ್ ಪೆಡಲ್ ತುಳ್ದು ತುಳ್ದು ನಿನ್ನ ಸಾಕಿದ ಕಾಲಿದು," ಅಂದಳು ಮಾರಕ್ಕ. "ಕ್ಲಚ್ಚಿಗೆ ಎದ್ರ್‌ತದಾ?"

ಅವಳು ಫೋಟೋದಿಂದ ಹಾರ ತೆಗೆದಳು. ಹೊರಗೆ ಹೋಗಿ ಗೇಟಿನ ಪಕ್ಕದ ಆ ಪ್ಲಾಸ್ಟಿಕ್ ಕುರ್ಚಿಗೆ ಹಾಕಿದಳು. ಬೆಳಿಗ್ಗೆ ಎದ್ದು ಮೊದಲು ಡಾಕ್ಟರ ಬಳಿಗೆ, ಆಮೇಲೆ ಡ್ರೈವಿಂಗ್ ಸ್ಕೂಲಿಗೆ ಹೋದಳು.

ಮೊದಲ ಟೆಸ್ಟಿನಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿ ಫೇಲಾದಳು. ನಾನು ಹೇಳಲಿಲ್ಲವಾ ಅಂತ ಮಗ ಬಾಯಿ ತೆರೆದ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ನೀನು ಎಷ್ಟು ಸಲ ಡುಮ್ಕಿ ಹೊಡೆದೆ, ನಾನು ಮನೇಲಿ ಕೂತ್ಕೊ ಅಂದಿದ್ದೆನಾ ಅಂತ ಅಮ್ಮ ಕೇಳಿದಳು. ಮುಂದಿನ ಟೆಸ್ಟಿಗೆ ಅವನೇ ಕರೆದುಕೊಂಡು ಹೋದ. ಬಿಸಿಲಲ್ಲಿ ಬೇಲಿ ಹಿಡಿದು ನಿಂತು, ಅಮ್ಮ ಒಂದು ಕಂಬವನ್ನೂ ಮುಟ್ಟದೆ ರಿವರ್ಸ್ ಬಂದದ್ದನ್ನು ನೋಡಿದ. ಕಣ್ಣು ಒರೆಸಿಕೊಂಡು ಧೂಳು ಅಂದ.

ಲೈಸೆನ್ಸ್ ಬಂದ ದಿನ ಮಹಾನಂದಾಳ ವ್ಯಾನು ನಮ್ಮ ಬೀದಿಗೆ ತಿರುಗಿತು. ಮಹಾನಂದಾ ಪಕ್ಕದ ಸೀಟಿನಲ್ಲಿದ್ದಳು. ಸ್ಟೇರಿಂಗಿನ ಮುಂದೆ ಮಾರಕ್ಕ. ಗೇಟಿನ ಎದುರು ಗಾಡಿ ನಿಲ್ಲಿಸಿ, ಹಾರ್ನ್ ಹೊಡೆಯದೆ ಕಿಟಕಿಯಿಂದ ಕೂಗಿದಳು.

"ಸಿದ್ದ, ಟ್ಯಾಂಕ್ ತುಂಬಿ ನೀರು ಸುರೀತಾ ಐತೆ, ಮೋಟರ್ ಆಫ್ ಮಾಡು. ಆಮ್ಯಾಕ್ ಬಂದು ಇಂದ್ಗಡೆ ಅತ್ಕೊ. ನಿಧಾನಕ್ಕೆ ಬಾ, ನಾನು ಬುಟ್ಟೋಗಾಕಿಲ್ಲ."

ಈಗ ನಿಮ್ಮ ಸರದಿ. ಅರವತ್ತು ದಾಟಿದ ಹೀರೋ ಕಾಲೇಜು ಹುಡುಗನಾಗಿ ಕುಣಿದರೆ ಶಿಳ್ಳೆ ಹೊಡೆಯುತ್ತೀರಿ. ನಿಮ್ಮಮ್ಮ ಈಜು ಕಲಿಯುತ್ತೇನೆ, ಅಪ್ಪ ತಬಲಾ ಕಲಿಯುತ್ತೇನೆ ಅಂದರೆ ನಗುತ್ತೀರಿ. ನಾಚಿಕೆ ಆಗಬೇಕು. ಇವತ್ತೇ ಮನೆಗೆ ಹೋಗಿ ಅವರನ್ನು ಕೇಳಿ, ಏನು ಮಾಡಬೇಕು ಅಂತ ಆಸೆಯಿತ್ತು ಅಂತ. ಕೇಳಿ ನಗಬೇಡಿ, ಜೊತೆಗೆ ಹೋಗಿ ಕ್ಲಾಸಿಗೆ ಸೇರಿಸಿ ಬನ್ನಿ. ಆ ಕುರ್ಚಿಯಲ್ಲಿ ಕೂತಿರುವವರು ನೀವೇ ಆದರೆ, ಯಾರ ಅಪ್ಪಣೆಗೂ ಕಾಯಬೇಡಿ, ಏಳಿ. ಮೋಟರ್ ಆಫ್ ಮಾಡಲು ಮನೆಯಲ್ಲಿ ಬೇರೆ ಕೈಗಳಿವೆ.