ಅಲೆ ಮರದ ಬಿಲ್ಲು

ಬಿಲ್ಲು ಮಾಡುವುದು ಇಬ್ಬರ ಕೆಲಸ. ಮೇಸ್ತ್ರಿ ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಎರಡನೆಯವನು ಎಲ್ಲಿ ಎಂದು ಕೇಳುತ್ತಾರಲ್ಲ. ಬಿಲ್ಲನ್ನು ಎಳೆದು ಹಿಡಿದವನಿಗೆ ಅದು ಹೇಗೆ ಬಾಗುತ್ತಿದೆ ಎಂದು ಕಾಣುವುದಿಲ್ಲ. ಹತ್ತು ಹೆಜ್ಜೆ ದೂರ ನಿಂತವನಿಗೆ ಕಾಣುತ್ತದೆ. ಮೂವತ್ತು ವರ್ಷ ತಮ್ಮ ಎಳೆಯುತ್ತಿದ್ದ, ಮೇಸ್ತ್ರಿ ನೋಡುತ್ತಿದ್ದ. "ಮೇಲೆ ಗಟ್ಟಿ, ಬಾಗ್ತಿಲ್ಲ" ಎಂದರೆ ತಮ್ಮ ಬಿಲ್ಲು ಇಳಿಸಿ ಕೊಡುತ್ತಿದ್ದ, ಮೇಸ್ತ್ರಿ ಉಕ್ಕಿನ ತಗಡಿನಿಂದ ಅಲ್ಲಿ ನಾಲ್ಕು ಸಲ ಕೆರೆದು ಮತ್ತೆ ಅವನ ಕೈಗೆ ಕೊಡುತ್ತಿದ್ದ.

ಹನ್ನೊಂದು ವರ್ಷದಿಂದ ತಮ್ಮನ ಜಾಗದಲ್ಲಿ ಗೋಡೆಗೊಂದು ಗೂಟ, ನೆಲಕ್ಕೊಂದು ರಾಟೆ, ನಡುವೆ ಒಂದು ಹಗ್ಗ. ಬಿಲ್ಲನ್ನು ಗೂಟಕ್ಕೆ ಸಿಕ್ಕಿಸಿ ದೂರ ನಿಂತು ಹಗ್ಗ ಎಳೆದರೆ ಅದು ಬಾಗುವುದು ಕಾಣುತ್ತಿತ್ತು. ಮನುಷ್ಯನ ಕೈ ಎಳೆದಂತೆ ಅಲ್ಲ, ಆದರೂ ಅರ್ಧ ಕೆಲಸ ಆಗುತ್ತಿತ್ತು. ರಾಟೆ ಎದುರು ಮಾತಾಡುವುದಿಲ್ಲ, ಟೀ ಕೇಳುವುದಿಲ್ಲ, ಹೊಟ್ಟೆನೋವೆಂದು ರಜ ಹಾಕುವುದಿಲ್ಲ, ಒಳ್ಳೇ ಆಳು ಸಿಕ್ಕಿದ ಎಂದು ಮೇಸ್ತ್ರಿ ತನಗೆ ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದ. ನಗುವವರು ಯಾರೂ ಇರಲಿಲ್ಲವಾದ್ದರಿಂದ ಆ ಒಂದೇ ತಮಾಷೆ ಹನ್ನೊಂದು ವರ್ಷ ಬಾಳಿಕೆ ಬಂದಿತ್ತು.

ತಮ್ಮ ಬಿಟ್ಟುಹೋದದ್ದು ಅಲೆ ಮರದ ದೆಸೆಯಿಂದ. ಕೆಲವು ಮರಗಳ ಎಳೆ ನೇರ ಹೋಗದೆ ಕೆರೆಯ ನೀರಿನಂತೆ ಏರಿಳಿಯುತ್ತದೆ. ನುಣುಪು ಮಾಡಿ ಎಣ್ಣೆ ಹಚ್ಚಿದರೆ ಅದರ ಮೇಲೆ ಬೆಳಕು ಓಡಾಡುತ್ತದೆ. ಕಪಾಟು ಮಾಡುವವರು ಅಂಥ ಹಲಗೆಗೆ ಪ್ರಾಣ ಬಿಡುತ್ತಾರೆ. ಬಿಲ್ಲಿನವರು ಹೆದರುತ್ತಾರೆ, ಏಕೆಂದರೆ ಗುರಿಯ ಕಡೆ ತಿರುಗಿದ ಬಿಲ್ಲಿನ ಬೆನ್ನಿನಲ್ಲಿ ಎಳೆ ಎಲ್ಲಿ ತುಂಡಾಗಿದೆಯೋ ಬಾಗಿಸಿದಾಗ ಅಲ್ಲೇ ಸಿಗಿಯುತ್ತದೆ. ತಮ್ಮನಿಗೋ ಆ ಮರದ ಹುಚ್ಚು. ಅಲೆ ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು, ಮರ ಒಂದು ವರ್ಷದಲ್ಲಿ ಬೆಳೆದ ಒಂದೇ ಪದರವನ್ನು ತುದಿಯಿಂದ ತುದಿಗೆ ಬಿಡಿಸಿದರೆ ಒಂದು ಎಳೆಯೂ ಕಡಿಯುವುದಿಲ್ಲ ಎಂದು ವಾದಿಸಿ, ತಿಂಗಳುಗಟ್ಟಲೆ ಕೂತು ಅಂಥದೊಂದು ಬೆನ್ನು ಬಿಡಿಸಿದ. ಹೊಟ್ಟೆಯನ್ನು, ಅಂದರೆ ಎಳೆಯುವವನ ಮುಖಕ್ಕಿರುವ ಕಡೆಯನ್ನು, ಎಂದಿನಂತೆ ಮೇಸ್ತ್ರಿಯೇ ಕೆರೆದ. ಮೂರನೇ ವಾರಕ್ಕೆ ಆ ಬಿಲ್ಲು ಕೊಂಡವನ ಕೈಯಲ್ಲಿ ಎರಡು ತುಂಡಾಯಿತು. ಚೂರು ಹಾರಿ ಅವನ ಹಣೆಗೆ ನಾಲ್ಕು ಹೊಲಿಗೆ ಬಿತ್ತು.

ಮೇಸ್ತ್ರಿ ಅಂಗಡಿ ಬಾಗಿಲಲ್ಲಿ ನಿಂತು, ನಾಲ್ಕು ಜನ ಕೇಳುವಂತೆ ತಮ್ಮನಿಗೆ ಹೇಳಿದ. "ಚೆಂದಕ್ಕೆ ಬಾಯಿ ಬಿಡೋನಿಗೆ ಬಿಲ್ಲಿನ ಕೆಲಸ ಯಾಕೋ? ಹೋಗಿ ಡ್ರೆಸಿಂಗ್ ಟೇಬಲ್ ಮಾಡ್ಕೊಂಡಿರು."

ತಮ್ಮ ತುಟಿಪಿಟಕ್ಕೆನ್ನದೆ ಹೋದ. ಹೋಗಿ, ಎರಡು ಬೀದಿ ಆಚೆಯ ಕಾರ್ಖಾನೆ ಸೇರಿ, ನಿಜವಾಗಿಯೂ ಡ್ರೆಸಿಂಗ್ ಟೇಬಲ್ ಮಾಡತೊಡಗಿದ. ಆಮೇಲೆ ದಾರಿಯಲ್ಲಿ ಎದುರಾದರೆ ಮೇಸ್ತ್ರಿ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ, ತಮ್ಮ ತಂತಿಯ ಮೇಲಿನ ಕಾಗೆ ನೋಡುತ್ತಿದ್ದ. ತಾನು ಹೇಳಿದ್ದರಲ್ಲಿ ತಪ್ಪೇನಿದೆ ಎಂಬ ಒಂದು ಮಾತನ್ನು ಊರುಗೋಲು ಮಾಡಿಕೊಂಡು ಮೇಸ್ತ್ರಿ ಅಷ್ಟೂ ವರ್ಷ ನಡೆದ.

ಬಿಲ್ಲು ಕಲಿಸುವ ಟೀಚರಮ್ಮ ಒಂದು ಬೆಳಿಗ್ಗೆ ಸೀಳಿದ ದಿಮ್ಮಿಯೊಂದನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದಳು.

"ನಮ್ಮ ಮೈದಾನದ ಅಂಚಿನ ಮರ, ಮೇಸ್ತ್ರಿ. ಗಾಳಿಗೆ ಬಿತ್ತು. ಎರಡು ವರ್ಷ ಒಣಗಿಸಿಟ್ಟಿದ್ದೀನಿ. ಇನ್ನು ಮೂರು ತಿಂಗಳಿಗೆ ನಾನು ಕೆಲಸ ಬಿಡ್ತೀನಿ. ಹೋಗೋದ್ರೊಳಗೆ ಇದರ ಬಿಲ್ಲಲ್ಲಿ ಒಂದು ಬಾಣ ಬಿಡಬೇಕು."

ಮೇಸ್ತ್ರಿ ತೊಗಟೆ ಎಬ್ಬಿಸಿ ನೋಡಿದ. ಉದ್ದಕ್ಕೂ ಅಲೆ. "ಇದು ಆಗಲ್ಲ, ಮೇಡಂ."

"ಆಗಲ್ಲ ಅಂದ್ರೆ ನಿಮಗೆ ಬರಲ್ಲ ಅಂತಲೋ, ಮನಸ್ಸಿಲ್ಲ ಅಂತಲೋ?"

ಕೆಣಕಲೆಂದೇ ಕೇಳಿದ ಮಾತು. ಮೇಸ್ತ್ರಿ ದಿಮ್ಮಿ ಇಳಿಸಿಕೊಂಡ.

ತಮ್ಮ ಹೇಳುತ್ತಿದ್ದಂತೆಯೇ ಮಾಡಿದ. ಅಲೆ ಮರಕ್ಕೆ ಬೇರೆ ದಾರಿ ಇರಲಿಲ್ಲ. ಒಂದೇ ಪದರ ಹಿಡಿದು, ದಿನಕ್ಕೆ ಒಂದು ಗೇಣು, ಏರಿದಲ್ಲಿ ಏರಿ ಇಳಿದಲ್ಲಿ ಇಳಿದ. ಕೆಲಸ ಮಾಡುವಾಗ ತಮ್ಮ ಪಕ್ಕದಲ್ಲೇ ಕೂತು ಗೊಣಗುತ್ತಿದ್ದಂತೆ ಅನಿಸುತ್ತಿತ್ತು. ಅದು ಅವನಿಗೆ ಬೇಡವೆನಿಸಲಿಲ್ಲ. ಬೆನ್ನು ಮುಗಿದಾಗ ನೋಡಲು ಬೊಕ್ಕೆ ಎದ್ದ ಮೈಯಂತೆ ಕುರೂಪವಾಗಿತ್ತು. ಅಲೆಯ ಚೆಂದ ಕಾಣಬೇಕಾದರೆ ಉಬ್ಬು ತೆಗೆದು ಮಟ್ಟ ಮಾಡಬೇಕು, ಮಟ್ಟ ಮಾಡಿದರೆ ಎಳೆ ಕಡಿಯುತ್ತದೆ. ಹಾಗಾದರೆ ತಮ್ಮ ಅಂದು ಚೆಂದಕ್ಕೆ ಬಾಯಿ ಬಿಟ್ಟಿರಲೇ ಇಲ್ಲವಲ್ಲ ಎಂದು ಮೇಸ್ತ್ರಿಗೆ ಮೊದಲ ಸಲ ಹೊಳೆಯಿತು. ಹೊಳೆದದ್ದನ್ನು ಪಕ್ಕಕ್ಕೆ ತಳ್ಳಿ ಹೊಟ್ಟೆ ಕೆರೆಯಲು ಕೂತ.

ನಲವತ್ತು ವರ್ಷದ ಅಭ್ಯಾಸದಂತೆ ಹೊಟ್ಟೆಯನ್ನು ನೇರ, ಮಟ್ಟಸವಾಗಿ ಕೆರೆಯತೊಡಗಿದ. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ತೋರುಬೆರಳಿನ ನಡುವೆ ಬಿಲ್ಲನ್ನು ಹಿಡಿದು ಉದ್ದಕ್ಕೂ ಜಾರಿಸಿದ. ದಪ್ಪ, ತೆಳು, ದಪ್ಪ, ತೆಳು. ಬೆನ್ನು ಏರಿಳಿಯುವಾಗ ಹೊಟ್ಟೆ ಮಾತ್ರ ನೇರವಾದರೆ ಬೆನ್ನು ಇಳಿದ ಜಾಗವೆಲ್ಲ ತೆಳುವಾಗದೆ ಇನ್ನೇನಾದೀತು? ಹೊಟ್ಟೆಯೂ ಬೆನ್ನಿನ ಜೊತೆ ಏರಿ ಇಳಿಯಬೇಕು. ಮೇಸ್ತ್ರಿಯ ಕೈ ಅಲ್ಲೇ ನಿಂತಿತು.

ಮುರಿದ ಬಿಲ್ಲುಗಳನ್ನು ಬಿಲ್ಲಿನವರು ಒಲೆಗೆ ಹಾಕುವುದಿಲ್ಲ, ತಪ್ಪು ಕಲಿಯಲಿಕ್ಕೆಂದು ಅಟ್ಟದ ಮೇಲೆ ಕಟ್ಟಿಡುತ್ತಾರೆ. ಹನ್ನೊಂದು ವರ್ಷದಿಂದ ಬಿಚ್ಚದ ಕಟ್ಟನ್ನು ಮೇಸ್ತ್ರಿ ಇಳಿಸಿದ. ತಮ್ಮ ಬಿಡಿಸಿದ ಬೆನ್ನಿನಲ್ಲಿ ಒಂದು ಎಳೆಯೂ ಕಡಿದಿರಲಿಲ್ಲ. ಹೊಟ್ಟೆ ಮಾತ್ರ ನೇರ, ಮಟ್ಟಸ. ಬಿಲ್ಲು ಮುರಿದದ್ದು ಬೆನ್ನು ಇಳಿದು ಅತಿ ತೆಳುವಾದ ಜಾಗದಲ್ಲಿ, ಅಲ್ಲಿದ್ದ ಕೆರೆತ ಮೇಸ್ತ್ರಿಯದೇ. ಅವನು ನೆಲದ ಮೇಲೆ ಕೂತುಬಿಟ್ಟ. ಅಷ್ಟು ವರ್ಷ ಸಿಟ್ಟಾದರೂ ಜೊತೆಗಿತ್ತು, ಈಗ ಅದೂ ಇಲ್ಲವಾಯಿತು. ಇಡೀ ಅಂಗಡಿಯಲ್ಲಿ ತಾನೊಬ್ಬನೇ ಎಂದು ಆವತ್ತು ಅನಿಸಿದಷ್ಟು ಎಂದೂ ಅನಿಸಿರಲಿಲ್ಲ.

ಮರುದಿನ ಕಾರ್ಖಾನೆಗೆ ಹೋದ. ತಮ್ಮ ಒಂದು ಕನ್ನಡಿಯ ಚೌಕಟ್ಟಿಗೆ ಉಪ್ಪುಕಾಗದ ತಿಕ್ಕುತ್ತಿದ್ದ. ತಲೆ ಪೂರಾ ನರೆತಿತ್ತು.

"ಅವತ್ತು ಮುರಿದದ್ದು ನನ್ನ ಕೆರೆತದಿಂದ ಕಣೋ," ಎಂದ ಮೇಸ್ತ್ರಿ. ಬೇರೆ ಪೀಠಿಕೆ ಅವನಿಗೆ ತೋಚಲಿಲ್ಲ.

ತಮ್ಮ ತಲೆ ಎತ್ತಲಿಲ್ಲ. "ಗೊತ್ತು. ತುಂಡು ಕೈಗೆ ತಗೊಂಡಾಗ್ಲೇ ಗೊತ್ತಾಯ್ತು."

"ಮತ್ತೆ ಬಾಯಿ ಬಿಟ್ಟು ಹೇಳಬಾರದಿತ್ತೇನೋ?"

"ನಾಲ್ಕು ಜನ ನಿಂತಿದ್ರಲ್ಲ ಅಣ್ಣ. ಮೇಸ್ತ್ರಿ ಕಣ್ಣು ತಪ್ತು ಅಂತ ಗೊತ್ತಾದ್ರೆ ಆಮೇಲೆ ನಿನ್ನ ಬಿಲ್ಲು ಯಾರು ತಗೋತಾರೆ? ಸಂಜೆ ನೀನೇ ಬರ್ತೀಯ ಅಂದ್ಕೊಂಡೆ. ಆಮೇಲೆ ಮಾರನೇ ದಿನ ಅಂದ್ಕೊಂಡೆ." ಅವನು ಮರದ ಪುಡಿ ಊದಿದ. "ಆಮೇಲೆ ಅಂದ್ಕೊಳ್ಳೋದು ಬಿಟ್ಟೆ."

ತಪ್ಪಾಯಿತು ಎಂದು ಹೇಳಬೇಕೆಂದು ಬಾಯಿ ತೆರೆದ ಮೇಸ್ತ್ರಿ, "ಒಂದು ಅಲೆ ಬಿಲ್ಲಿದೆ, ಎಳೆಯೋರು ಬೇಕು," ಎಂದ.

ತಮ್ಮ ಭಾನುವಾರ ಬಂದ. ಗೂಟವನ್ನೂ ರಾಟೆಯನ್ನೂ ನೋಡಿ ಬಿಲ್ಲು ಕೈಗೆತ್ತಿಕೊಂಡ. ಬಿಲ್ಲನ್ನು ಅರ್ಧ ಎಳೆಯುವಷ್ಟರಲ್ಲಿ ಅವನ ಬಲತೋಳು ಗಡಗಡ ನಡುಗಿತು. "ಭುಜ ಹೋಗಿದೆ ಅಣ್ಣ. ಆರು ವರ್ಷ ಆಯ್ತು." ಆರು ವರ್ಷದ ನೋವು, ಎರಡು ಬೀದಿಯ ಅಂತರ, ಮೇಸ್ತ್ರಿಗೆ ತಿಳಿದೇ ಇರಲಿಲ್ಲ.

ಹಾಗಾಗಿ ಮೇಸ್ತ್ರಿ ಎಳೆದ, ತಮ್ಮ ಹತ್ತು ಹೆಜ್ಜೆ ದೂರ ನಿಂತು ನೋಡಿದ. ನಲವತ್ತು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿಗೆ ತನ್ನ ಬಿಲ್ಲು ಬಾಗುವುದು ಕಾಣುತ್ತಿರಲಿಲ್ಲ. "ಕೆಳಗೆ ಗಟ್ಟಿ, ಮೂರನೇ ಉಬ್ಬು," ಎಂದರೆ ನಂಬಿ ಅಲ್ಲೇ ಕೆರೆದ. "ಸಾಕು" ಎಂದರೆ ನಿಲ್ಲಿಸಿದ. ಮಾತೆಂದರೆ ಅಷ್ಟೇ. ಆದರೂ ಅಂಗಡಿ ತುಂಬಿದಂತಿತ್ತು, ಮೇಸ್ತ್ರಿ ಟೀ ಎರಡು ಸಲ ಮಾಡಿದ. ಸಂಜೆ ನಾಲ್ಕಕ್ಕೆ ಬಿಲ್ಲು ಪೂರ್ತಿ ಬಾಗಿತು.

"ಆಯ್ತು," ಎಂದು ತಮ್ಮ ಅಂಗಿಯ ಪುಡಿ ಕೊಡವಿದ.

ಆಯಿತು ಎಂದರೆ ಹೊರಟ ಎಂದೇ ಅರ್ಥ. ಮೇಸ್ತ್ರಿ ಬಿಲ್ಲನ್ನು ಅತ್ತಿತ್ತ ತಿರುಗಿಸಿದ. "ಮೇಲ್ಗಡೆ ತುದೀಲಿ ಇನ್ನೂ ಒಂದು ಚೂರು ಗಟ್ಟಿ ಅನ್ಸುತ್ತಪ್ಪ. ಒಂದೆರಡು ಸಲ ಕೆರೆದಿಡ್ತೀನಿ. ಮುಂದಿನ ಭಾನುವಾರ ಬಂದು ನೋಡ್ಬಿಡು."

ತಮ್ಮ ಬಂದು ಆ ತುದಿಯನ್ನು ಬೆರಳ ನಡುವೆ ಹಿಡಿದು ನೋಡಿದ. ಆಮೇಲೆ ಅಣ್ಣನ ಮುಖ ನೋಡಿದ.

"ಇಲ್ಲ ಅಣ್ಣ. ಅಲ್ಲಿ ಏನೂ ಗಟ್ಟಿ ಇಲ್ಲ. ಇನ್ನು ಕೆರೆದ್ರೆ ಇದೂ ಮುರಿಯುತ್ತೆ."

ಅವನು ಮೇಸ್ತ್ರಿಯ ಕೈಯಿಂದ ತಗಡನ್ನು ಮೆಲ್ಲಗೆ ಬಿಡಿಸಿ ಬೆಂಚಿನ ಮೇಲಿಟ್ಟ. ಬರುತ್ತೇನೆ ಎಂದು ಹೇಳಿದ, ಯಾವಾಗ ಎಂದು ಹೇಳಲಿಲ್ಲ. ಅವನ ಚಪ್ಪಲಿಯ ಸದ್ದು ಬೀದಿಯ ತಿರುವಿನ ತನಕ ಕೇಳಿಸಿತು.

ತಗಡು ಯಾವಾಗ ಮತ್ತೆ ಕೈಗೆ ಬಂತೋ ಮೇಸ್ತ್ರಿಗೇ ತಿಳಿಯಲಿಲ್ಲ. ನೋಡಿದರೆ ಅದರ ಅಂಚು ಬಿಲ್ಲಿನ ಆ ತುದಿಯ ಮೇಲೇ ಕೂತಿತ್ತು. ಎರಡೇ ಎರಡು ಸಲ ಕೆರೆದರೆ ಬಿಲ್ಲು ಕೆಡುತ್ತದೆ. ಕೆಟ್ಟರೆ ತಮ್ಮನನ್ನು ಕರೆಯಬಹುದು. ಅವನು ತಗಡನ್ನು ಕೆಳಗೆ ಹಾಕಿ ಟೀಚರಮ್ಮನಿಗೆ ಫೋನ್ ಮಾಡಿದ.

"ಬಿಲ್ಲು ಆಯ್ತು ಮೇಡಂ. ಈಗ್ಲೇ ಬಂದು ತಗೊಂಡ್ಹೋಗಿ."

"ನಾಳೆ ಬೆಳಿಗ್ಗೆ ಬರ್ತೀನಿ, ಮೇಸ್ತ್ರಿ. ಏನು ಅಷ್ಟು ಅವಸರ?"

"ನಾಳೆ ತನಕ ಬೇಡ. ಇಲ್ಲಿದ್ರೆ ನಾನು ಕೆರೆದುಬಿಡ್ತೀನಿ."

ಟೀಚರಮ್ಮ ಜೋರಾಗಿ ನಕ್ಕಳು. ಮೇಸ್ತ್ರಿಯ ತಮಾಷೆಗೆ ಹನ್ನೊಂದು ವರ್ಷದಲ್ಲಿ ಯಾರೋ ಮೊದಲ ಸಲ ನಕ್ಕಿದ್ದರು, ಆದರೆ ಅವನು ತಮಾಷೆ ಮಾಡಿರಲಿಲ್ಲ.